ವಿಡಿಯೋ ಕ್ಯಾಮೆರಾಕ್ಕೆ ಯಾವ ಸೆನ್ಸರ್ ಒಳ್ಳೆಯದು? ಉಡುಪಿ-ಮಂಗಳೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾಮೆರಾ ತೆಗೆದುಕೊಳ್ಳುವ ಮೊದಲು ನನಗೆ ಫೋನ್ ಮಾಡುವವರು ಹೆಚ್ಚಾಗಿ ಎರಡು ಬಗೆ. ಮಕ್ಕಳ ಕುಣಿತ, ಮನೆಯ ಉಪನಯನ, ಮದುವೆ ತೆಗೆಯಬೇಕು ಅನ್ನುವವರು ಒಂದು ಬಗೆ. ಆಟ (ಯಕ್ಷಗಾನಕ್ಕೆ ನಮ್ಮ ಕಡೆ ಹೇಳುವುದು ಹೀಗೆ), ಕಂಬಳ (ಕೆಸರುಗದ್ದೆಯ ಕೋಣಗಳ ಓಟ), ಹುಲಿವೇಷ ತೆಗೆದು ಯೂಟ್ಯೂಬಿಗೆ ಹಾಕಬೇಕು ಅನ್ನುವ ಹುಡುಗರು ಇನ್ನೊಂದು ಬಗೆ. ಇಬ್ಬರೂ ಮೊದಲು ಕೇಳುವುದು "ಎಷ್ಟು ಮೆಗಾಪಿಕ್ಸೆಲ್?", "ಫೋರ್‌ಕೆ ಉಂಟಾ?" ಅಂತ. ಸೆನ್ಸರ್ ಯಾವುದು ಅಂತ ಕೇಳುವವರು ಕಡಿಮೆ. ಮೊದಲ ಆಟ ತೆಗೆದು ಮನೆಗೆ ಬಂದು ದೊಡ್ಡ ಟಿವಿಯಲ್ಲಿ ನೋಡಿದಾಗ ಆ ಪ್ರಶ್ನೆ ಬರುತ್ತದೆ. ಅಷ್ಟು ಹೊತ್ತಿಗೆ ದುಡ್ಡು ಹೋಗಿರುತ್ತದೆ. ಅದಕ್ಕೇ ಇದನ್ನು ಬರೆದಿದ್ದೇನೆ.

ಸೆನ್ಸರ್ ಅಂದರೆ ಏನು?

ಹಿಂದೆ ರೀಲು ಇರುತ್ತಿದ್ದ ಜಾಗದಲ್ಲಿ ಈಗ ಇರುವ ಚಿಪ್. ಲೆನ್ಸ್ ಮೂಲಕ ಬಂದ ಬೆಳಕು ಇದರ ಮೇಲೆ ಬೀಳುತ್ತದೆ. ಚಿಪ್ಪಿನ ಮೇಲೆ ಲಕ್ಷಗಟ್ಟಲೆ ಸಣ್ಣ ಸಣ್ಣ ಕುಳಿಗಳಿವೆ. ಒಂದೊಂದು ಕುಳಿಯೂ ತನ್ನ ಪಾಲಿನ ಬೆಳಕನ್ನು ವಿದ್ಯುತ್ ಆಗಿ ಬದಲಾಯಿಸಿ ಇಟ್ಟುಕೊಳ್ಳುತ್ತದೆ. ಆ ಕುಳಿಯೇ ಪಿಕ್ಸೆಲ್.

ಸಿಸಿಡಿ, ಸಿಎಂಒಎಸ್ ಅಂತಾರೆ. ಏನು ವ್ಯತ್ಯಾಸ?

ಸಿಎಂಒಎಸ್ ಅನ್ನು ಬಾಯಲ್ಲಿ ಎಲ್ಲರೂ ಸೀಮಾಸ್ ಅಂತಲೇ ಹೇಳುವುದು. ನಾನೂ ಹಾಗೇ ಬರೆಯುತ್ತೇನೆ.

ಬೆಳಕನ್ನು ಹಿಡಿಯುವ ಕೆಲಸದಲ್ಲಿ ಎರಡೂ ಒಂದೇ. ಹಿಡಿದದ್ದನ್ನು ಲೆಕ್ಕ ಮಾಡುವ ರೀತಿ ಬೇರೆ. ಹಂಚಿನ ಮನೆಗೆ ಹಂಚು ಹೊದೆಸುವುದನ್ನು ನೋಡಿದ್ದೀರಲ್ವಾ? ಅಂಗಳದಿಂದ ಮಾಡಿನವರೆಗೆ ಆಳುಗಳು ಸಾಲಾಗಿ ನಿಂತು ಹಂಚನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಕೊನೆಯಲ್ಲಿರುವ ಒಬ್ಬನೇ ಎಣಿಸಿಕೊಳ್ಳುತ್ತಾನೆ. ಸಿಸಿಡಿ ಅಂದರೆ ಇದೇ. ಪ್ರತಿ ಪಿಕ್ಸೆಲ್ ತನ್ನ ವಿದ್ಯುತ್ತನ್ನು ಪಕ್ಕದವನಿಗೆ, ಅವನು ಅವನ ಪಕ್ಕದವನಿಗೆ ಕೊಡುತ್ತಾ ಹೋಗಿ, ಕೊನೆಯ ಮೂಲೆಯಲ್ಲಿ ಲೆಕ್ಕ ಆಗುತ್ತದೆ. ಎಣಿಸುವವನು ಒಬ್ಬನೇ ಆದ್ದರಿಂದ ಲೆಕ್ಕ ಅಚ್ಚುಕಟ್ಟು. ಆದರೆ ನಿಧಾನ, ಮತ್ತು ಕರೆಂಟು ಜಾಸ್ತಿ ಬೇಕು.

ಸೀಮಾಸ್‌ನಲ್ಲಿ ಪ್ರತಿ ಪಿಕ್ಸೆಲ್‌ನಲ್ಲೇ ಒಂದು ಪುಟ್ಟ ಆಂಪ್ಲಿಫೈಯರ್ ಇದೆ. ಯಾರೂ ಯಾರಿಗೂ ದಾಟಿಸಬೇಕಾಗಿಲ್ಲ, ನಿಂತಲ್ಲೇ ಲೆಕ್ಕ ಒಪ್ಪಿಸಿದರಾಯಿತು. ವೇಗ ಜಾಸ್ತಿ, ಬ್ಯಾಟರಿ ಉಳಿತಾಯ, ತಯಾರಿಯೂ ಅಗ್ಗ. ಆದರೆ ಎಣಿಸುವವರು ಲಕ್ಷ ಜನ ಇದ್ದಾಗ ಒಬ್ಬೊಬ್ಬನ ಲೆಕ್ಕ ಒಂದೊಂದು ಕೂದಲೆಳೆ ಬೇರೆ ಬರುತ್ತದೆ. ಶುರುವಿನ ಸೀಮಾಸ್ ಚಿಪ್‌ಗಳಲ್ಲಿ ಕತ್ತಲೆಯ ಚಿತ್ರದ ಮೇಲೆ ಬಲೆ ಹಾಸಿದ ಹಾಗೆ ಕಾಣುತ್ತಿದ್ದದ್ದು ಇದರಿಂದಲೇ. ಈಗ ಚಿಪ್ಪಿನೊಳಗೇ ಅದನ್ನು ಕಳೆಯುವ ವ್ಯವಸ್ಥೆ ಇದೆ.

ಸಿಸಿಡಿಯನ್ನು ಕಂಡುಹಿಡಿದದ್ದು 1969ರಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ, ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್. 40 ವರ್ಷದ ಮೇಲೆ, 2009ರಲ್ಲಿ, ಅದಕ್ಕೆ ಭೌತಶಾಸ್ತ್ರದ ನೊಬೆಲ್ ಬಂತು. ಇವತ್ತಿನ ಸೀಮಾಸ್‌ಗೆ ದಾರಿ ಮಾಡಿದ್ದು 1990ರ ದಶಕದಲ್ಲಿ ನಾಸಾದ ಜೆಪಿಎಲ್ ಪ್ರಯೋಗಾಲಯದಲ್ಲಿ ಎರಿಕ್ ಫಾಸಮ್ ಮತ್ತು ಅವರ ಜೊತೆಯವರು. ಬಾಹ್ಯಾಕಾಶಕ್ಕೆ ಚಿಕ್ಕ, ಹಗುರ ಕ್ಯಾಮೆರಾ ಬೇಕಾಗಿತ್ತು. ಅದೇ ಕೆಲಸ ಕೊನೆಗೆ ನಮ್ಮೆಲ್ಲರ ಕಿಸೆಯೊಳಗಿನ ಫೋನಿಗೂ ಬಂತು.

ಹಾಗಾದರೆ ಈಗ ಸಿಸಿಡಿ ತಗೊಳ್ಳಬೇಕಾ, ಸೀಮಾಸಾ?

ಹೊಸತು ತಗೊಳ್ಳುವುದಾದರೆ ಈ ಪ್ರಶ್ನೆಯೇ ಇಲ್ಲ. ಇವತ್ತು ಅಂಗಡಿಯಲ್ಲಿ ಸಿಗುವ ವಿಡಿಯೋ ಕ್ಯಾಮೆರಾ, ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ, ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ), ಆ್ಯಕ್ಷನ್ ಕ್ಯಾಮೆರಾ, ಡ್ರೋನ್ ಎಲ್ಲದರಲ್ಲೂ ಸೀಮಾಸ್. ಸೋನಿ 2005ರಲ್ಲೇ ಎಚ್‌ಸಿ1 ಎಂಬ ಮನೆಬಳಕೆಯ ಎಚ್‌ಡಿ ಕ್ಯಾಮೆರಾದಲ್ಲಿ ಸೀಮಾಸ್ ಹಾಕಿತ್ತು. 2015ರಲ್ಲಿ ಸಿಸಿಡಿ ತಯಾರಿಕೆಯನ್ನೇ ನಿಲ್ಲಿಸುತ್ತೇನೆ ಅಂತ ತಿಳಿಸಿತು. ಈಗ ನೋಡಬೇಕಾದ್ದು ಬೇರೆ ಎರಡು ವಿಷಯ: ಸೆನ್ಸರ್ ಎಷ್ಟು ದೊಡ್ಡದು, ಮತ್ತು ಅದು ಒಂದು ಚಿತ್ರವನ್ನು ಎಷ್ಟು ಬೇಗ ಓದಿ ಮುಗಿಸುತ್ತದೆ. ಮೊದಲನೆಯದು ಆಟದಲ್ಲಿ ಗೊತ್ತಾಗುತ್ತದೆ, ಎರಡನೆಯದು ಕಂಬಳದಲ್ಲಿ.

ಮನೆಯಲ್ಲಿ ಹಳೆಯ ತ್ರೀ-ಸಿಸಿಡಿ ಕ್ಯಾಮೆರಾ ಉಂಟು. ಗುಜರಿಗೆ ಹಾಕುವುದಾ?

ದಯವಿಟ್ಟು ಹಾಕಬೇಡಿ. ಸುಮಾರು 20 ವರ್ಷದ ಹಿಂದೆ ನಮ್ಮ ಕಡೆಯ ಮದುವೆಗಳಲ್ಲಿ ಸೋನಿ ಪಿಡಿ170 ಹಿಡಿದು ಬಂದ ವಿಡಿಯೋದವರಿಗೆ ಇದ್ದ ಮರ್ಯಾದೆಯೇ ಬೇರೆ. ಅದರೊಳಗೆ 1/3 ಇಂಚಿನ ಮೂರು ಸಿಸಿಡಿಗಳಿವೆ. ಲೆನ್ಸಿನ ಹಿಂದೆ ಒಂದು ಗಾಜಿನ ಪ್ರಿಸಂ ಇದ್ದು, ಬಂದ ಬೆಳಕನ್ನು ಕೆಂಪು, ಹಸಿರು, ನೀಲಿ ಅಂತ ಒಡೆದು ಒಂದೊಂದನ್ನು ಒಂದೊಂದು ಚಿಪ್ಪಿಗೆ ಕಳಿಸುತ್ತದೆ. ಬೆಳಕು ಸುಮ್ನೆ ಹಾಳಾಗುವುದು ಕಡಿಮೆ.

ಒಂದೇ ಚಿಪ್ ಇರುವ ಕ್ಯಾಮೆರಾದಲ್ಲಿ ಹಾಗಲ್ಲ. ಪ್ರತಿ ಪಿಕ್ಸೆಲ್ ಮೇಲೂ ಒಂದು ಬಣ್ಣದ ಫಿಲ್ಟರಿನ ಚೂರು ಕೂರಿಸಿರುತ್ತಾರೆ. ಅರ್ಧ ಹಸಿರು, ಕಾಲು ಭಾಗ ಕೆಂಪು, ಕಾಲು ಭಾಗ ನೀಲಿ. ಇದು ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ ಅವರ ಯೋಚನೆ, 1976ರ ಪೇಟೆಂಟ್. ಕೆಂಪು ಚೂರಿನ ಕೆಳಗಿನ ಪಿಕ್ಸೆಲ್‌ಗೆ ಹಸಿರು, ನೀಲಿ ಗೊತ್ತೇ ಆಗುವುದಿಲ್ಲ. ಅಕ್ಕಪಕ್ಕದವರನ್ನು ಕೇಳಿ ಕ್ಯಾಮೆರಾ ಊಹೆ ಮಾಡುತ್ತದೆ. ಚಿಪ್‌ಗಳಲ್ಲಿ ಪಿಕ್ಸೆಲ್ ಕಡಿಮೆ ಇದ್ದ ಕಾಲದಲ್ಲಿ ಈ ಊಹೆ ಕಣ್ಣಿಗೆ ಕಾಣುತ್ತಿತ್ತು. ಅದಕ್ಕೇ ಮೂರು ಚಿಪ್ಪಿಗೆ ಬೆಲೆ. ಈಗ ಪಿಕ್ಸೆಲ್ ಬೇಕಾದಷ್ಟು ಇರುವುದರಿಂದ ಒಂದೇ ದೊಡ್ಡ ಚಿಪ್ ಮೂರು ಸಣ್ಣ ಚಿಪ್‌ಗಳ ಕೆಲಸ ಮಾಡುತ್ತದೆ.

ಹಳೆಯ ಕ್ಯಾಮೆರಾವನ್ನು ಇಟ್ಟುಕೊಳ್ಳಬೇಕಾದ್ದು ಹೊಸ ವಿಡಿಯೋ ತೆಗೆಯಲಿಕ್ಕಲ್ಲ. ಅದರ ಚಿತ್ರ ಬರೀ 720×576. ಇಟ್ಟುಕೊಳ್ಳಬೇಕಾದ್ದು ಕಪಾಟಿನಲ್ಲಿರುವ ಮಿನಿಡಿವಿ ಟೇಪುಗಳಿಗಾಗಿ. ಅಜ್ಜಿಯ ಸ್ವರ, ಈಗ ಇಲ್ಲದ ಭಾಗವತರ ಪದ ಆ ಟೇಪಿನಲ್ಲೇ ಇರಬಹುದು. ಅದನ್ನು ಓಡಿಸಲಿಕ್ಕೆ ಆ ಕ್ಯಾಮೆರಾವೇ ಬೇಕು, ಜೊತೆಗೆ ಫೈರ್‌ವೈರ್ ಕಿಂಡಿ ಇರುವ ಹಳೆಯ ಕಂಪ್ಯೂಟರ್ ಬೇಕು. ನಮ್ಮ ಮಳೆಗಾಲದ ತೇವಕ್ಕೆ ಟೇಪಿನ ಮೇಲೆ ಬೂಸರು ಬರುತ್ತದೆ. ಇನ್ನೊಂದು ಮಳೆಗಾಲ ಕಾಯಬೇಡಿ, ಈ ವರ್ಷವೇ ಕಂಪ್ಯೂಟರಿಗೆ ಹಾಕಿಡಿ.

ಸಿಸಿಡಿಯ ಬಣ್ಣವೇ ಚೆಂದ ಅಂತ ಹುಡುಗರು ಹಳೆ ಕ್ಯಾಮೆರಾ ಹುಡುಕುತ್ತಾರೆ. ಹೌದಾ?

ಬಣ್ಣ ಬೇರೆ ಅನ್ನುವುದು ಹೌದು. ಸಿಸಿಡಿಯಿಂದ ಅನ್ನುವುದು ಪೂರ್ತಿ ಹೌದಲ್ಲ. ಪಿಕ್ಸೆಲ್ ಮೇಲಿನ ಬಣ್ಣದ ಚೂರು, ಲೆನ್ಸು, ಆ ಕಾಲದ ಕ್ಯಾಮೆರಾದೊಳಗೆ ಬಣ್ಣ ಹದ ಮಾಡುತ್ತಿದ್ದ ರೀತಿ, ಬಿಳಿ ಬೇಗ ಉಕ್ಕಿ ಹೋಗುವುದು, ಎಲ್ಲ ಸೇರಿ ಆ ಕಳೆ ಬರುತ್ತದೆ. ನಿಮಗೆ ಅದೇ ಇಷ್ಟವಾದರೆ ಖಂಡಿತ ಬಳಸಿ. ಆದರೆ ಹಳೆ ಕ್ಯಾಮೆರಾಕ್ಕೆ ಹೊಸ ಕ್ಯಾಮೆರಾದ ರೇಟು ಕೊಡಬೇಡಿ. ಬ್ಯಾಟರಿ ಸಿಗುವುದಿಲ್ಲ, ಟೇಪು ಸಿಗುವುದಿಲ್ಲ, ಕೆಟ್ಟರೆ ರಿಪೇರಿಗೆ ಪಾರ್ಟು ಸಿಗುವುದಿಲ್ಲ.

ಇನ್ನೊಂದು ವಿಷಯ. ಸಿಸಿಡಿ ಕ್ಯಾಮೆರಾವನ್ನು ಕತ್ತಲೆಯಲ್ಲಿ ಬಲ್ಬಿನ ಕಡೆ ತಿರುಗಿಸಿದರೆ, ಬಲ್ಬಿನ ಮೇಲೂ ಕೆಳಗೂ ಪರದೆಯ ಅಂಚಿನಿಂದ ಅಂಚಿಗೆ ಒಂದು ನೇರ ಬೆಳ್ಳಗಿನ ಗೆರೆ ಬರುತ್ತದೆ. ಹಂಚು ದಾಟಿಸುತ್ತಿರುವಾಗಲೇ ದಾರಿಯಲ್ಲಿ ಯಾರೋ ಒಂದೊಂದು ಹೆಚ್ಚು ಹಂಚು ಸೇರಿಸಿದ ಹಾಗೆ. ಕೊನೆಯವನಿಗೆ ಅದು ಎಲ್ಲಿಂದ ಬಂತು ಅಂತ ಗೊತ್ತಾಗುವುದಿಲ್ಲ. ಹಳೆಯ ಮದುವೆ ವಿಡಿಯೋದಲ್ಲಿ ದಿಬ್ಬಣದ ಕಾರಿನ ಹೆಡ್‌ಲೈಟ್ ನೋಡಿ, ಈ ಗೆರೆ ಕಾಣುತ್ತದೆ.

ರಾತ್ರಿ ಆಟ ತೆಗೆಯಲಿಕ್ಕೆ ಯಾವ ಸೆನ್ಸರ್?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಉತ್ತರ ಸ್ವಲ್ಪ ಉದ್ದ.

ಬೆಳಕು ಮಳೆಹನಿಯ ಹಾಗೆ ಹನಿಹನಿಯಾಗಿ ಬೀಳುತ್ತದೆ. ಒಂದು ಪಿಕ್ಸೆಲ್‌ಗೆ ಸರಾಸರಿ 100 ಕಣ ಬೀಳುವ ಕಡೆ ಒಮ್ಮೆ 90, ಇನ್ನೊಮ್ಮೆ 110 ಬೀಳುವುದು ಸಹಜ. ಅಂದರೆ ನೂರಕ್ಕೆ 10ರಷ್ಟು ಏರುಪೇರು. ಅದೇ 10,000 ಕಣ ಬಿದ್ದರೆ ಏರುಪೇರು 100ರ ಆಸುಪಾಸು, ನೂರಕ್ಕೆ 1 ಮಾತ್ರ. ಕತ್ತಲಲ್ಲಿ ತೆಗೆದ ವಿಡಿಯೋದಲ್ಲಿ ರವೆ ಚೆಲ್ಲಿದ ಹಾಗೆ ಕಾಣುತ್ತದಲ್ಲ, ಅದು ಈ ಏರುಪೇರೇ. ನಾಯ್ಸ್ ಅನ್ನುವುದು ಅದನ್ನೇ. ದೊಡ್ಡ ಸೆನ್ಸರ್‌ಗೆ ತಕ್ಕ ದೊಡ್ಡ ಲೆನ್ಸ್ ಇದ್ದರೆ ಒಟ್ಟು ಬೀಳುವ ಬೆಳಕು ಜಾಸ್ತಿ, ರವೆ ಕಡಿಮೆ.

ಅಳತೆ ಹೇಳುತ್ತೇನೆ. ಫುಲ್ ಫ್ರೇಮ್ ಸೆನ್ಸರ್ 36×24 ಮಿ.ಮೀ. ಎಪಿಎಸ್-ಸಿ ಸುಮಾರು 23.5×15.6. ಮೈಕ್ರೋ ಫೋರ್ ಥರ್ಡ್ಸ್ 17.3×13. ಒಂದು ಇಂಚಿನದ್ದು 13.2×8.8. ಸಣ್ಣ ಕ್ಯಾಮೆರಾಗಳಲ್ಲಿ ಬರುವ 1/2.3 ಇಂಚಿನದ್ದು ಸುಮಾರು 6.2×4.6, ನಮ್ಮ ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಜಾಗದ ಲೆಕ್ಕದಲ್ಲಿ ಫುಲ್ ಫ್ರೇಮ್ ಒಂದು ಇಂಚಿನದ್ದಕ್ಕಿಂತ ಏಳು ಪಟ್ಟಿಗಿಂತ ದೊಡ್ಡದು, 1/2.3ಕ್ಕಿಂತ ಸುಮಾರು 30 ಪಟ್ಟು ದೊಡ್ಡದು.

ಹಾಗಂತ ಆಟಕ್ಕೆ ಫುಲ್ ಫ್ರೇಮ್ ತಗೊಳ್ಳಿ ಅಂತ ನಾನು ಹೇಳುವುದಿಲ್ಲ. ಯಾಕೆ ಅಂತ ರಂಗಸ್ಥಳದ ಮುಂದೆ ಒಮ್ಮೆ ನಿಂತರೆ ಗೊತ್ತಾಗುತ್ತದೆ. ದೇವಿ ಮಹಾತ್ಮೆ ನಡೆಯುತ್ತಿದೆ ಅಂತಿಟ್ಟುಕೊಳ್ಳಿ. ಮಹಿಷಾಸುರ ಜನರ ನಡುವಿನಿಂದ ಬರುತ್ತಾನೆ. ದೊಂದಿ ಹಿಡಿದವರು ಆಚೀಚೆ. ರಾಳದ ಹುಡಿ ಎರಚಿದಾಗ ಬೆಂಕಿ ಒಮ್ಮೆಲೆ ಆಳೆತ್ತರಕ್ಕೆ ಏಳುತ್ತದೆ. ಫುಲ್ ಫ್ರೇಮ್‌ನಲ್ಲಿ ಲೆನ್ಸ್ ಪೂರ್ತಿ ತೆರೆದಿದ್ದರೆ ಫೋಕಸ್ ಒಂದು ಮೊಳದಷ್ಟು ಜಾಗಕ್ಕೆ ಮಾತ್ರ. ಮಹಿಷನ ಕೊಂಬು ಸ್ಪಷ್ಟ, ಮುಖ ಮಸುಕು. ಹತ್ತಿರ ಬರುತ್ತಿರುವವನ ಮೇಲೆ ಫೋಕಸ್ ಓಡುತ್ತಲೇ ಇರಬೇಕು. ಬೆಂಕಿ ಎದ್ದಾಗ ಆಟೋ ಫೋಕಸ್ ಬೆಂಕಿಯನ್ನು ಹಿಡಿದು ಕೂತರೆ ಆ ಪ್ರವೇಶವೇ ಹೋಯಿತು. ಮತ್ತೊಮ್ಮೆ ಬನ್ನಿ ಅಂತ ಮಹಿಷನಿಗೆ ಹೇಳಲಿಕ್ಕಾಗುವುದಿಲ್ಲ.

ಸಣ್ಣ ಸೆನ್ಸರ್‌ನಲ್ಲಿ ಫೋಕಸ್‌ನ ಆಳ ಜಾಸ್ತಿ. ಒಂದು ಇಂಚಿನ ಸೆನ್ಸರ್‌ನಲ್ಲಿ ಎಫ್2.8 ಇಟ್ಟರೆ (ಎಫ್ ಅಂದರೆ ಲೆನ್ಸ್ ಎಷ್ಟು ತೆರೆದಿದೆ ಅನ್ನುವ ಅಳತೆ, ಅಂಕಿ ಸಣ್ಣದಾದಷ್ಟು ಹೆಚ್ಚು ತೆರೆದಿದೆ) ಸಿಗುವ ಆಳ, ಫುಲ್ ಫ್ರೇಮ್‌ನಲ್ಲಿ ಸುಮಾರು ಎಫ್7.6 ಇಟ್ಟಷ್ಟು. ವೇಷದವರೂ ಹಿಂದೆ ಕೂತ ಭಾಗವತರೂ ಚೆಂಡೆಯವರೂ ಬಹುಮಟ್ಟಿಗೆ ಒಟ್ಟಿಗೆ ಸ್ಪಷ್ಟ ಕಾಣುತ್ತಾರೆ. ಆಟಕ್ಕೆ ಬೇಕಾದ್ದು ಅದೇ. ಹಿಮ್ಮೇಳ ಮಸುಕಾದರೆ ಅದು ಆಟದ ವಿಡಿಯೋ ಆಗುವುದೇ ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

ಮತ್ತೆ ಝೂಮ್. ಆಟದಲ್ಲಿ ಕ್ಯಾಮೆರಾ ಇಡಲಿಕ್ಕೆ ಜಾಗ ಸಿಗುವುದು ಜನರ ಹಿಂದೆ. ಅಲ್ಲಿಂದ ಕಿರೀಟದ ಅಂಚಿನವರೆಗೆ ಝೂಮ್ ಆಗಬೇಕು. ಒಂದು ಇಂಚಿನ ಸೆನ್ಸರ್ ಇರುವ ಸೋನಿ ಎಎಕ್ಸ್100, ಎಎಕ್ಸ್700 ಥರದ ಕ್ಯಾಮೆರಾಗಳಲ್ಲಿ 12 ಪಟ್ಟು ಝೂಮ್ ಒಂದೇ ಕೈಯಲ್ಲಿ ಹಿಡಿಯುವಷ್ಟು ಲೆನ್ಸಿನಲ್ಲಿ ಬರುತ್ತದೆ. ಅಷ್ಟೇ ಝೂಮ್ ಫುಲ್ ಫ್ರೇಮ್‌ಗೆ ಬೇಕು ಅಂದರೆ ಲೆನ್ಸಿನ ಭಾರಕ್ಕೆ ಟ್ರೈಪಾಡೇ ಬಗ್ಗುತ್ತದೆ.

ಕೊನೆಯದು ಹೊತ್ತು. ಕಾಲಮಿತಿಯ ಆಟವಾದರೂ ಐದಾರು ಗಂಟೆ. ಕೆಲವು ವರ್ಷ ಹಿಂದಿನ ತುಂಬ ಸ್ಟಿಲ್ ಕ್ಯಾಮೆರಾಗಳು 29 ನಿಮಿಷ 59 ಸೆಕೆಂಡಿಗೆ ತಾವೇ ನಿಂತುಬಿಡುತ್ತವೆ. ಯುರೋಪಿನಲ್ಲಿ 30 ನಿಮಿಷ ದಾಟಿ ರೆಕಾರ್ಡ್ ಮಾಡುವ ಕ್ಯಾಮೆರಾಕ್ಕೆ ಸುಂಕ ಜಾಸ್ತಿ ಇತ್ತು, ಅದಕ್ಕಾಗಿ ಇಟ್ಟ ಮಿತಿ ಅದು. ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಇದನ್ನು ಕೇಳಿಯೇ ತಗೊಳ್ಳಿ. ಸಣ್ಣ ಬಾಡಿಯ ಮಿರರ್‌ಲೆಸ್‌ಗಳು ಫೋರ್‌ಕೆ ತೆಗೆಯುವಾಗ ಬಿಸಿಯಾಗಿ ನಿಲ್ಲುವುದೂ ಉಂಟು. ನಮ್ಮ ಏಪ್ರಿಲ್ ತಿಂಗಳ ಸೆಕೆಯಲ್ಲಿ ಕೇಳುವುದೇ ಬೇಡ.

ಹಾಗಾಗಿ ಪೂರ್ತಿ ಆಟ ಒಂದೇ ಕ್ಯಾಮೆರಾದಲ್ಲಿ ತೆಗೆಯುವುದಾದರೆ ಒಂದು ಇಂಚಿನ ಸೆನ್ಸರ್‌ನ ವಿಡಿಯೋ ಕ್ಯಾಮೆರಾ. ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಬಣ್ಣ ಹಾಕುವುದು, ಒಬ್ಬ ವೇಷಧಾರಿಯ ಕಣ್ಣು, ಕೈಬೆರಳು ತೆಗೆಯುವುದಾದರೆ ಎಪಿಎಸ್-ಸಿ ಅಥವಾ ಫುಲ್ ಫ್ರೇಮ್, ಒಂದು ಎಫ್1.8 ಲೆನ್ಸು. ಚೌಕಿಯ ಒಂದೇ ಬಲ್ಬಿನ ಬೆಳಕಲ್ಲಿ ಅರದಾಳದ ಹಳದಿ, ಇಂಗಳೀಕದ ಕೆಂಪು ಬರುವ ಚೆಂದ ದೊಡ್ಡ ಸೆನ್ಸರ್‌ಗೆ ಮಾತ್ರ ಸಿಗುತ್ತದೆ.

ಆಟದಲ್ಲಿ ಮುಖ ಬಿಳಿ ಬಿಳಿ ಆಗುತ್ತದೆ. ಸೆನ್ಸರ್ ಹಾಳಾ?

ಹಾಳಲ್ಲ. ಹಿಂದಿನ ಕತ್ತಲೆಯನ್ನು ನೋಡಿ ಕ್ಯಾಮೆರಾ ತಾನೇ ಗೇನ್ (ಸೆನ್ಸರ್ ಹಿಡಿದದ್ದನ್ನು ಹಿಗ್ಗಿಸುವ ಪ್ರಮಾಣ) ಏರಿಸುತ್ತದೆ, ಮುಖ ಉಕ್ಕುತ್ತದೆ. ಮ್ಯಾನುವಲ್‌ಗೆ ಹಾಕಿ. ಮುಖಕ್ಕೆ ಸರಿ ಮಾಡಿ, ಕತ್ತಲೆ ಕತ್ತಲೆಯಾಗಿಯೇ ಇರಲಿ. ಗೇನ್ 6 ಡಿಬಿ ಏರಿಸಿದರೆ ಹೊಳಪು ಎರಡು ಪಟ್ಟು, 18 ಡಿಬಿ ಅಂದರೆ ಎಂಟು ಪಟ್ಟು. ರವೆಯೂ ಅದರ ಜೊತೆಗೇ ಏಳುತ್ತದೆ.

"1 ಇಂಚು" ಅಂತಾರೆ, ಅಳೆದರೆ ಅಷ್ಟಿಲ್ಲವಲ್ಲ?

ಇಲ್ಲ. ಮೂಲೆಯಿಂದ ಮೂಲೆಗೆ ಅಳೆದರೂ ಸುಮಾರು 16 ಮಿ.ಮೀ. ಮಾತ್ರ. ಹಿಂದೆ ಟಿವಿ ಕ್ಯಾಮೆರಾಗಳಲ್ಲಿ ಗಾಜಿನ ಟ್ಯೂಬ್ ಇರುತ್ತಿತ್ತು. ಆ ಟ್ಯೂಬಿನ ಹೊರಗಿನ ಅಡ್ಡಳತೆಯ ಲೆಕ್ಕ ಈಗಲೂ ಹೆಸರಿನಲ್ಲಿ ಉಳಿದಿದೆ. 1/3, 1/2.3 ಎಲ್ಲ ಇದೇ ಲೆಕ್ಕ.

ಕ್ಯಾಮೆರಾದ ಗಾತ್ರ ನೋಡಿ ಸೆನ್ಸರ್ ಗಾತ್ರ ಅಂದಾಜು ಮಾಡಬೇಡಿ. ಭುಜದ ಮೇಲೆ ಇಡುವ ಸೋನಿ ಎಂಸಿ2500 ನಮ್ಮ ಕಡೆ ಮದುವೆಗಳಲ್ಲಿ ತುಂಬ ಓಡಿದೆ. ಬಾಡಿ ಅಷ್ಟು ದೊಡ್ಡದಿದ್ದರೂ ಒಳಗಿನ ಸೆನ್ಸರ್ 1/4 ಇಂಚಿನದ್ದು.

ಕಂಬಳದ ವಿಡಿಯೋದಲ್ಲಿ ಕಂಬಗಳು ವಾಲಿದ ಹಾಗೆ ಕಾಣುತ್ತವೆ. ಯಾಕೆ?

ಇದಕ್ಕೆ ರೋಲಿಂಗ್ ಶಟರ್ ಅಂತ ಹೆಸರು. ಸಾಮಾನ್ಯ ಸೀಮಾಸ್ ಇಡೀ ಚಿತ್ರವನ್ನು ಒಟ್ಟಿಗೆ ಓದುವುದಿಲ್ಲ. ಮೇಲಿನ ಸಾಲಿನಿಂದ ಶುರು ಮಾಡಿ ಒಂದೊಂದೇ ಸಾಲು ಓದುತ್ತಾ ಕೆಳಗೆ ಬರುತ್ತದೆ. ಮೇಲಿನ ಸಾಲು ಓದಿದ ಹೊತ್ತಿಗೂ ಕೆಳಗಿನ ಸಾಲು ಓದುವ ಹೊತ್ತಿಗೂ ನಡುವೆ ಸ್ವಲ್ಪ ಸಮಯ ಹೋಗಿರುತ್ತದೆ. ಅಷ್ಟರೊಳಗೆ ನೀವು ಕ್ಯಾಮೆರಾ ತಿರುಗಿಸಿರುತ್ತೀರಿ.

ಕಂಬಳದಲ್ಲಿ ಕೋಣಗಳ ಜೊತೆ ಕ್ಯಾಮೆರಾ ಓಡಲೇಬೇಕು. ಕರೆಯ (ಕೋಣ ಓಡುವ ಕೆಸರಿನ ದಾರಿ) ಬದಿಯಲ್ಲಿ ನಿಂತು ಮಂಜೊಟ್ಟಿಯವರೆಗೆ (ಓಟ ಮುಗಿಯುವ ತುದಿ) ತಿರುಗಿಸುತ್ತಾ ಹೋಗುತ್ತೀರಿ. ಒಂದು ಸೆಕೆಂಡಿನಲ್ಲಿ ಪರದೆಯ ಅಗಲದಷ್ಟು ತಿರುಗಿಸಿದಿರಿ ಅನ್ನಿ. ಫೋರ್‌ಕೆ ಅಂದರೆ 3840 ಪಿಕ್ಸೆಲ್. ಸೆನ್ಸರ್ ಒಂದು ಚಿತ್ರ ಓದಲಿಕ್ಕೆ 25 ಮಿಲಿಸೆಕೆಂಡ್ ತಗೊಂಡರೆ, ಕಂಬದ ತಲೆಗೂ ಬುಡಕ್ಕೂ 96 ಪಿಕ್ಸೆಲ್ ಅಂತರ ಬೀಳುತ್ತದೆ. ಅಂದರೆ ಎರಡೂವರೆ ಡಿಗ್ರಿ ವಾಲು. ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. 6 ಮಿಲಿಸೆಕೆಂಡಿನಲ್ಲಿ ಓದುವ ಸೆನ್ಸರ್ ಆದರೆ 23 ಪಿಕ್ಸೆಲ್. ಯಾರಿಗೂ ಗೊತ್ತಾಗುವುದಿಲ್ಲ.

ಕನೆಹಲಗೆ ಓಟದಲ್ಲಿ (ಹಲಗೆಯ ಮೇಲೆ ನಿಂತವನು ನೀರನ್ನು ಎತ್ತರಕ್ಕೆ ಚಿಮ್ಮಿಸುವ ಓಟ) ಇದು ಇನ್ನೂ ತೊಂದರೆ. ನೀರು ನಿಶಾನೆಗೆ ಮುಟ್ಟಿತಾ ಇಲ್ಲವಾ ಅನ್ನುವುದೇ ಅಲ್ಲಿ ಲೆಕ್ಕ. ಆರೂವರೆ ಕೋಲು, ಏಳೂವರೆ ಕೋಲಿನ ಎತ್ತರದ ನಿಶಾನೆ ಬಟ್ಟೆಯೇ ವಾಲಿ ಕಂಡರೆ, ಚಿಮ್ಮಿದ ನೀರು ಬಾಗಿ ಕಂಡರೆ ನೋಡುವವರಿಗೆ ಏನು ನಂಬಿಕೆ? ಅದಕ್ಕೆ ಕನೆಹಲಗೆಗೆ ಕ್ಯಾಮೆರಾ ತಿರುಗಿಸದೆ ನಿಶಾನೆಯ ಎದುರು ಟ್ರೈಪಾಡಿನಲ್ಲಿ ಅಲುಗಾಡದೆ ಇಡಿ. ಯಕ್ಷಗಾನದ ತೆಂಕುತಿಟ್ಟಿನ ಧಿಗಿಣದಲ್ಲೂ ಹೀಗೇ. ವೇಷ ಗಿರಗಿರ ತಿರುಗುವಾಗ ಹಾರಿದ ಬಟ್ಟೆ, ಕೈ ಸೊಟ್ಟಗೆ ಕಾಣುತ್ತದೆ.

ದಾರಿ ಏನು? ಸ್ಟ್ಯಾಕ್ಡ್ ಸೆನ್ಸರ್ ಅಂತ ಬರುತ್ತದೆ. ಚಿಪ್ಪಿನ ಹಿಂದೆ ಇನ್ನೊಂದು ಪದರ ಅಂಟಿಸಿ ಓದುವ ವೇಗ ಹೆಚ್ಚಿಸಿರುತ್ತಾರೆ. ಗ್ಲೋಬಲ್ ಶಟರ್ ಅಂದರೆ ಎಲ್ಲ ಪಿಕ್ಸೆಲ್ ಒಂದೇ ಗಳಿಗೆಯಲ್ಲಿ ಬೆಳಕು ಹಿಡಿಯುವುದು. ಫುಲ್ ಫ್ರೇಮ್‌ನಲ್ಲಿ ಇದನ್ನು ಮೊದಲು ತಂದದ್ದು ಸೋನಿ ಎ9 ಮಾರ್ಕ್ 3, ಘೋಷಣೆ ಆದದ್ದು 2023ರ ನವೆಂಬರ್‌ನಲ್ಲಿ. ಬೆಲೆ ನಮ್ಮಂಥವರಿಗಲ್ಲ. ಹಳೆಯ ಸಿಸಿಡಿ ವಿಡಿಯೋ ಕ್ಯಾಮೆರಾಗಳಲ್ಲಿ ಎಲ್ಲ ಪಿಕ್ಸೆಲ್ ಒಟ್ಟಿಗೇ ಬೆಳಕು ಹಿಡಿಯುತ್ತಿದ್ದವು. ಹಳೆ ಕಂಬಳದ ಟೇಪಿನಲ್ಲಿ ಕಂಬ ನೆಟ್ಟಗೇ ಇರುವುದು ಅದಕ್ಕೇ. ಆ ಒಂದು ವಿಷಯದಲ್ಲಿ ಸಿಸಿಡಿಯನ್ನು ಮೆಚ್ಚಲೇಬೇಕು.

ಅಂಗಡಿಯಲ್ಲಿ ಪರೀಕ್ಷೆ ಸುಲಭ. ಬಾಗಿಲಿನ ದಾರಂದದ ಎದುರು ನಿಂತು, ಝೂಮ್ ಸ್ವಲ್ಪ ಏರಿಸಿ, ಫೋರ್‌ಕೆಯಲ್ಲಿ ರೆಕಾರ್ಡ್ ಒತ್ತಿ ಎಡಬಲ ಬೇಗ ಬೇಗ ತಿರುಗಿಸಿ. ನಿಲ್ಲಿಸಿ ನೋಡಿ. ಎರಡು ಕ್ಯಾಮೆರಾ ಪಕ್ಕಪಕ್ಕ ಇಟ್ಟು ಮಾಡಿದರೆ ವ್ಯತ್ಯಾಸ ಕೂಡಲೇ ಗೊತ್ತಾಗುತ್ತದೆ.

ಎಲ್‌ಇಡಿ ಲೈಟಿನ ಕೆಳಗೆ ಕಪ್ಪು ಪಟ್ಟಿಗಳು ಓಡುತ್ತವೆ. ಏನು ಮಾಡುವುದು?

ನಮ್ಮ ಕರೆಂಟು 50 ಹರ್ಟ್ಸ್. ಕರೆಂಟಿನಲ್ಲಿ ನೇರ ಉರಿಯುವ ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಸಾಲು ಸಾಲಾಗಿ ಓದುವ ಸೀಮಾಸ್‌ಗೆ ಗೊತ್ತಾಗುತ್ತದೆ. ಮೆನುವಿನಲ್ಲಿ ಪಾಲ್ (PAL, 50 ಹರ್ಟ್ಸ್ ಕರೆಂಟಿಗೆ ಹೊಂದುವ ವಿಡಿಯೋ ಪದ್ಧತಿ) ಆಯ್ಕೆ ಮಾಡಿ ಸೆಕೆಂಡಿಗೆ 25 ಅಥವಾ 50 ಫ್ರೇಮಿನಲ್ಲಿ ತೆಗೆಯಿರಿ. ಶಟರ್ 1/50 ಅಥವಾ 1/100 ಸೆಕೆಂಡಿಗೆ ಇಡಿ. ಹೆಚ್ಚಿನ ಪಟ್ಟಿಗಳು ಅಲ್ಲಿಗೇ ಹೋಗುತ್ತವೆ. ಕ್ಯಾಮೆರಾ 30, 60 ಫ್ರೇಮಿಗೆ ಇಟ್ಟುಕೊಂಡೇ ಬಂದಿರುವುದು ಬಹಳ ಸಲ ಕಾರಣ.

ಕುದ್ರೋಳಿ ದಸರಾದ ದೀಪಾಲಂಕಾರ, ಸ್ಟೇಜಿನ ಎಲ್‌ಇಡಿ ಪರದೆ ಇವು ಬೇರೆ ಬೇರೆ ವೇಗದಲ್ಲಿ ಮಿನುಗುತ್ತವೆ. ಅಲ್ಲಿ ಶಟರನ್ನು ಒಂದೊಂದೇ ಹಂತ ಬದಲಿಸಿ ಪರದೆಯಲ್ಲಿ ನೋಡಿಕೊಳ್ಳಬೇಕು, ಬೇರೆ ದಾರಿ ಇಲ್ಲ.

ಧಾರೆಯ ಹೊತ್ತಿಗೆ ಫೋಟೋದವರು ಫ್ಲಾಶ್ ಹೊಡೆದರೆ ವಿಡಿಯೋದಲ್ಲಿ ಅರ್ಧ ಚಿತ್ರ ಮಾತ್ರ ಬೆಳ್ಳಗಾಗುತ್ತದೆ

ಕಾರಣ ಅದೇ ರೋಲಿಂಗ್ ಶಟರ್. ಫ್ಲಾಶ್ ಬೆಳಗಿದ ಗಳಿಗೆಯಲ್ಲಿ ತೆರೆದಿದ್ದ ಸಾಲುಗಳಿಗೆ ಮಾತ್ರ ಬೆಳಕು ಸಿಗುತ್ತದೆ. ಫೋಟೋದವರನ್ನು ಬೈದು ಪ್ರಯೋಜನ ಇಲ್ಲ. ಶಟರ್ 1/50ಕ್ಕಿಂತ ವೇಗ ಮಾಡಬೇಡಿ, ಎಡಿಟ್ ಮಾಡುವಾಗ ಆ ಒಂದೆರಡು ಫ್ರೇಮ್ ತೆಗೆದು ಪಕ್ಕದ ಫ್ರೇಮ್ ಹಾಕಿ.

ಮೆಗಾಪಿಕ್ಸೆಲ್ ಜಾಸ್ತಿ ಇದ್ದಷ್ಟು ಒಳ್ಳೆಯದಲ್ವಾ?

ವಿಡಿಯೋಗೆ ಅಲ್ಲ. ಫೋರ್‌ಕೆ ಚಿತ್ರದಲ್ಲಿ ಇರುವುದೇ 83 ಲಕ್ಷ ಪಿಕ್ಸೆಲ್. ಕತ್ತಲೆಯ ವಿಡಿಯೋಗೆ ಹೆಸರಾದ ಸೋನಿ ಎ7ಎಸ್ ಮಾರ್ಕ್ 3 (2020) ಸುಮಾರು 12 ಮೆಗಾಪಿಕ್ಸೆಲ್‌ನದ್ದು.

ಉಡುಪಿ ಸೀರೆಯ ಚೌಕುಳಿ ವಿಡಿಯೋದಲ್ಲಿ ಕಾಮನಬಿಲ್ಲಿನ ಹಾಗೆ ಹರಿದಾಡುತ್ತದೆ

ಸೀರೆಯ ನೇಯ್ಗೆಯ ಗೆರೆಗಳೂ ಸೆನ್ಸರ್‌ನ ಪಿಕ್ಸೆಲ್ ಸಾಲುಗಳೂ ಒಂದರ ಮೇಲೊಂದು ಬಿದ್ದು ಹುಟ್ಟುವ ವಿನ್ಯಾಸ ಅದು. ಜಾಸ್ತಿ ಮೆಗಾಪಿಕ್ಸೆಲ್ ಇರುವ ಸ್ಟಿಲ್ ಕ್ಯಾಮೆರಾ ವಿಡಿಯೋ ತೆಗೆಯುವಾಗ ಕೆಲವು ಸಾಲುಗಳನ್ನು ಹಾರಿಸಿ ಓದಿದರೆ ಇದು ಇನ್ನೂ ಜೋರು. ಎಲ್ಲ ಪಿಕ್ಸೆಲ್ ಓದಿ ಆಮೇಲೆ ಫೋರ್‌ಕೆಗೆ ಇಳಿಸುವ ಕ್ಯಾಮೆರಾದಲ್ಲಿ ಕಡಿಮೆ. ತೆಗೆಯುವಾಗಲೇ ಕಂಡರೆ ಒಂದು ಹೆಜ್ಜೆ ಹಿಂದೆ ಮುಂದೆ ಹೋಗಿ, ಇಲ್ಲವೇ ಝೂಮ್ ಒಂದಿಷ್ಟು ಬದಲಿಸಿ. ಕೈಮಗ್ಗದ ಸೀರೆ ನೇಯುವವರ ಬಗ್ಗೆ ಡಾಕ್ಯುಮೆಂಟರಿ ಮಾಡುವವರು ಇದನ್ನು ಮೊದಲೇ ಪರೀಕ್ಷೆ ಮಾಡಿಕೊಳ್ಳಿ. ಎಡಿಟಿಂಗ್‌ನಲ್ಲಿ ಇದನ್ನು ಪೂರ್ತಿ ತೆಗೆಯಲಿಕ್ಕೆ ಆಗುವುದಿಲ್ಲ.

ಬಿಎಸ್‌ಐ (ಬ್ಯಾಕ್ ಸೈಡ್ ಇಲ್ಯುಮಿನೇಟೆಡ್) ಅಂತ ಬರೆದಿರುತ್ತದೆ. ಬೇಕಾ?

ಸಣ್ಣ ಸೆನ್ಸರ್ ಆದರೆ ಬೇಕೇ ಬೇಕು. ಹಳೆಯ ರೀತಿಯಲ್ಲಿ ತಂತಿಗಳು ಪಿಕ್ಸೆಲ್‌ನ ಮುಂದೆ ಇದ್ದು ಬೆಳಕಿಗೆ ಅಡ್ಡ ಬರುತ್ತಿದ್ದವು. ಬಿಎಸ್‌ಐಯಲ್ಲಿ ತಂತಿ ಹಿಂದೆ ಹೋಯಿತು. ಸೋನಿ ಇದನ್ನು ಎಕ್ಸ್‌ಮೋರ್ ಆರ್ ಅಂತ 2009ರಲ್ಲಿ ಮನೆಬಳಕೆಯ ವಿಡಿಯೋ ಕ್ಯಾಮೆರಾಗಳಲ್ಲಿ ತಂದಿತು.

ಫೋನ್ ಸಾಲದಾ?

ಹಗಲಿಗೆ, ಮನೆಯ ಕಾರ್ಯಕ್ರಮಕ್ಕೆ ಧಾರಾಳ ಸಾಕು. ಮಲ್ಪೆ ಬೀಚಿನಲ್ಲಿ ಮಕ್ಕಳನ್ನು ತೆಗೆಯಲಿಕ್ಕೆ ಬೇರೆ ಕ್ಯಾಮೆರಾ ಬೇಕಿಲ್ಲ. ಸಾಲದಿರುವುದು ದೂರದಿಂದ ಝೂಮ್ ಮಾಡುವಾಗ, ಮತ್ತು ಕತ್ತಲೆಯಲ್ಲಿ ಗಂಟೆಗಟ್ಟಲೆ ತೆಗೆಯುವಾಗ.

ಸೆನ್ಸರ್ ಸುಟ್ಟು ಹೋಗುತ್ತದೆ ಅಂತಾರೆ, ನಿಜವಾ?

ನಿಜ. ಸ್ಟೇಜಿನ ಲೇಸರ್ ಕಿರಣ ನೇರ ಲೆನ್ಸಿಗೆ ಬಿದ್ದರೆ ಒಂದು ಗಳಿಗೆಯಲ್ಲಿ ಪಿಕ್ಸೆಲ್‌ಗಳು ಸತ್ತುಹೋಗಬಹುದು, ಆ ಗೆರೆ ಮತ್ತೆ ಹೋಗುವುದಿಲ್ಲ. ಡಿಜೆ, ಮೆರವಣಿಗೆಯ ಲೇಸರ್ ಇದ್ದಲ್ಲಿ ಕ್ಯಾಮೆರಾ ಬದಿಗೆ ತಿರುಗಿಸಿ. ಫೋನ್ ಆದರೂ ಅಷ್ಟೇ. ಸಮುದ್ರದಲ್ಲಿ ಸೂರ್ಯ ಮುಳುಗುವುದನ್ನು ತೆಗೆಯುವವರು ಕೆಂಪಾಗುವವರೆಗೆ ಕಾಯಿರಿ. ನಾಲ್ಕು ಗಂಟೆಯ ಸೂರ್ಯನಿಗೆ ಉದ್ದ ಲೆನ್ಸ್ ಹಿಡಿದು ಟ್ರೈಪಾಡಿನಲ್ಲಿ ಬಿಟ್ಟು ಚಾ ಕುಡಿಯಲಿಕ್ಕೆ ಹೋಗಬೇಡಿ.

ನಮ್ಮ ಉಪ್ಪುಗಾಳಿ, ಮಳೆಗೆ ಸೆನ್ಸರ್ ಹೇಗೆ ಉಳಿಸುವುದು?

ಲೆನ್ಸ್ ಕಳಚಲಿಕ್ಕೆ ಆಗದ ವಿಡಿಯೋ ಕ್ಯಾಮೆರಾದಲ್ಲಿ ಸೆನ್ಸರ್‌ಗೆ ಧೂಳಿನ ಚಿಂತೆ ಕಡಿಮೆ. ಲೆನ್ಸ್ ಬದಲಿಸುವ ಕ್ಯಾಮೆರಾದವರು ಮಾತ್ರ ಎಚ್ಚರ ಇರಬೇಕು. ನಾನೊಮ್ಮೆ ಮಲ್ಪೆಯ ಹೊಯ್ಗೆಯಲ್ಲಿ ನಿಂತು ಲೆನ್ಸ್ ಬದಲಿಸಿದೆ. ಅವತ್ತಿನ ಎಲ್ಲ ವಿಡಿಯೋದಲ್ಲೂ ಆಕಾಶದ ಬಲಮೂಲೆಯಲ್ಲಿ ಒಂದು ಬೂದು ಚುಕ್ಕೆ. ಒರೆಸಿಸಲಿಕ್ಕೆ ಒಂದು ರಿಪೇರಿ ಅಂಗಡಿಗೆ ಕೊಟ್ಟೆ. ಚುಕ್ಕೆ ಹೋಗಿತ್ತು, ಜಾಗದಲ್ಲಿ ಒರೆಸಿದ ಗೆರೆ ಬಂದಿತ್ತು. ಮತ್ತೊಂದು ಕಡೆ ದುಡ್ಡು ಕೊಟ್ಟು ಸರಿ ಮಾಡಿಸಬೇಕಾಯಿತು. ಈಗ ಬೀಚಿಗೆ ಹೋಗುವಾಗ ಮನೆಯಲ್ಲೇ ಒಂದು ಲೆನ್ಸ್ ಹಾಕಿಕೊಂಡು ಹೋಗುತ್ತೇನೆ, ಅದನ್ನೇ ತಿರುಗಿ ಬರುವವರೆಗೆ ಬಳಸುತ್ತೇನೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕ್ಯಾಮೆರಾ ಬ್ಯಾಗಿನಲ್ಲಿ ಮುಚ್ಚಿಡಬೇಡಿ. ಲೆನ್ಸಿನೊಳಗೆ ಜೇಡರಬಲೆಯ ಹಾಗೆ ಫಂಗಸ್ ಹಬ್ಬುತ್ತದೆ. ತೇವ 40ರಿಂದ 50 ಶೇಕಡಾ ಇರುವ ಡ್ರೈ ಕ್ಯಾಬಿನೆಟ್ ಒಳ್ಳೆಯದು. ಅದು ಬೇಡ ಅಂದರೆ ಗಾಳಿಯಾಡದ ಅಕ್ಕಿಡಬ್ಬಿಯಂಥ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್. ಜೆಲ್ ಬಣ್ಣ ಬದಲಾದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಬಹುದು. ವಾರಕ್ಕೊಮ್ಮೆ ಕ್ಯಾಮೆರಾ ಹೊರಗೆ ತೆಗೆದು ಅರ್ಧ ಗಂಟೆ ಓಡಿಸಿ.

ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಸೆನ್ಸರ್ ಹೇಗೆ ನೋಡುವುದು?

ಲೆನ್ಸಿಗೆ ಮುಚ್ಚಳ ಹಾಕಿ, ಗೇನ್ ಅಥವಾ ಐಎಸ್‌ಒ ಜಾಸ್ತಿ ಮಾಡಿ, ಒಂದು ನಿಮಿಷ ರೆಕಾರ್ಡ್ ಮಾಡಿ. ಕಪ್ಪಿನಲ್ಲಿ ಕೆಂಪು, ನೀಲಿ, ಬಿಳಿ ಚುಕ್ಕೆ ಅಲುಗಾಡದೆ ಒಂದೇ ಕಡೆ ನಿಂತಿದ್ದರೆ ಅದು ಕೆಟ್ಟ ಪಿಕ್ಸೆಲ್. ಒಂದೆರಡು ಇದ್ದರೆ ಚಿಂತೆಯಿಲ್ಲ. ಗೆರೆಯಾಗಿ ಇದ್ದರೆ ಲೇಸರ್ ಬಿದ್ದದ್ದು, ಬಿಟ್ಟುಬಿಡಿ. ಆಮೇಲೆ ಮುಚ್ಚಳ ತೆಗೆದು, ಅಪರ್ಚರ್ ಎಫ್11 ಅಥವಾ ಎಫ್16ಕ್ಕೆ ಇಳಿಸಿ, ಬಿಳಿ ಗೋಡೆ ತೆಗೆಯಿರಿ. ಬೂದು ಚುಕ್ಕೆ ಕಂಡರೆ ಧೂಳು. ಕ್ಲೀನ್ ಮಾಡಿಸಬಹುದು, ಆ ಖರ್ಚು ಕಳೆದು ರೇಟು ಕೇಳಿ. ಅರ್ಧ ಗಂಟೆ ಬಿಡದೆ ಫೋರ್‌ಕೆಯಲ್ಲಿ ಓಡಿಸಿ, ಬಿಸಿಯಾಗಿ ನಿಲ್ಲುತ್ತದಾ ನೋಡಿ. ಅದಕ್ಕೆ ಮಾರುವವರು ಒಪ್ಪದಿದ್ದರೆ ಕ್ಯಾಮೆರಾ ಅಲ್ಲೇ ಬಿಟ್ಟು ಬನ್ನಿ.